ಗೆರೆ ನಡುಗುತ್ತೆ, ಡಬ್ಬ ಸೊಟ್ಟಗಾಗುತ್ತೆ: ಇನ್ನೆಷ್ಟು ಪುಟ ತುಂಬಿಸಬೇಕು?

ಪ್ರಶ್ನೆ: ನಾನು ಮಾಲೂರಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿದ್ದೀನಿ, ದಿನಾ ರೈಲಿನಲ್ಲಿ ಓಡಾಟ. ಚಿತ್ರ ಬಿಡಿಸೋ ಆಸೆ ಚಿಕ್ಕಂದಿನಿಂದ ಇತ್ತು. ನಾಲ್ಕು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಬರೀ ಗೆರೆ, ದೀರ್ಘವೃತ್ತ, ಡಬ್ಬ ಇಷ್ಟನ್ನೇ ಫ್ರೀಹ್ಯಾಂಡ್‌ನಲ್ಲಿ ಅಭ್ಯಾಸ ಮಾಡ್ತಿದ್ದೀನಿ. ಎರಡು ನೋಟ್‌ಬುಕ್ ತುಂಬಿದವು. ಆದ್ರೂ ಗೆರೆ ನಡುಗುತ್ತೆ, ದೀರ್ಘವೃತ್ತದ ತುದಿ ಚೂಪಾಗುತ್ತೆ, ಡಬ್ಬದ ಹಿಂಭಾಗ ಮುಂಭಾಗಕ್ಕಿಂತ ದೊಡ್ಡದಾಗಿ ಕಾಣುತ್ತೆ. ಕಾಲೇಜಿನಲ್ಲಿ ಡ್ರಾಫ್ಟರ್ (ಗೆರೆ ಹಾಕೋ ಉಪಕರಣ) ಇಟ್ಟುಕೊಂಡು ಐಸೊಮೆಟ್ರಿಕ್, ಅಂದ್ರೆ ವಸ್ತುವಿನ ಮೂರು ಮುಖ ಒಟ್ಟಿಗೆ ತೋರಿಸೋ ಇಂಜಿನಿಯರಿಂಗ್ ಚಿತ್ರ, ಚೆನ್ನಾಗೇ ಹಾಕ್ತಿದ್ದೆ. ಈಗ ಸ್ಕೇಲ್ ಬಳಸಬಹುದಾ? ಪೆನ್ಸಿಲ್ಲೋ ಪೆನ್ನೋ? ಇನ್ನೆಷ್ಟು ಪುಟ ಆದ ಮೇಲೆ ನಿಜವಾದ ಚಿತ್ರಕ್ಕೆ ಕೈ ಹಾಕಬಹುದು? ರೈಲಿನಲ್ಲೂ ಅಭ್ಯಾಸ ಮಾಡಬಹುದಾ? ಕೆಲವು ಪುಟಗಳ ಫೋಟೊ ಜೊತೆಗೆ ಕಳಿಸಿದ್ದೀನಿ.

ಉತ್ತರ: ಚಿತ್ರದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಇವತ್ತು ರಾತ್ರಿಯೇ ಕೈ ಹಾಕಿ. ನಿಮ್ಮ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಅಭ್ಯಾಸಕ್ಕಿರಲಿ, ಉಳಿದದ್ದು ನಿಮಗೆ ಇಷ್ಟ ಬಂದದ್ದನ್ನು ಬಿಡಿಸುವುದಕ್ಕೆ. ಬಸ್ಸೋ ನಾಯಿಯೋ ಅಂತರಗಂಗೆ ಬೆಟ್ಟದ ಬಂಡೆಯೋ, ಏನಾದರೂ ಸರಿ, ಕೆಟ್ಟದಾಗಿ ಬಂದರೂ ಸರಿ. ಬುನಾದಿ ಗಟ್ಟಿಯಾಗಲಿ ಆಮೇಲೆ ಚಿತ್ರ ಎಂದು ಕಾದು ಕೂತವರಲ್ಲಿ ಬಹಳ ಜನ ಬುನಾದಿಯಲ್ಲೇ ಬೇಸತ್ತು ಪೆನ್ನು ಕೆಳಗಿಡುತ್ತಾರೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಯಾವ ಮೇಷ್ಟ್ರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಇನ್ನು ನಿಮ್ಮ ಪುಟಗಳು. ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಷ್ಟೂ ಪುಟಗಳಲ್ಲಿ ಎಲ್ಲೂ ಒಂದು ಚುಕ್ಕಿ ಇಲ್ಲ, ತಪ್ಪು ಹುಡುಕಿದ ಗುರುತೂ ಇಲ್ಲ. ಅಂದರೆ ಗೆರೆ ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕು ಎಂದು ಎಳೆಯುವ ಮೊದಲು ನೀವು ತೀರ್ಮಾನ ಮಾಡಿಲ್ಲ. ಎಳೆದ ಮೇಲೆ ಎಲ್ಲಿ ತಪ್ಪಿತು ಎಂದು ಅಳೆದೂ ನೋಡಿಲ್ಲ. ನಡುವಿನ ಎಳೆಯುವ ಕೆಲಸವೊಂದನ್ನೇ ಮತ್ತೆ ಮತ್ತೆ ಮಾಡಿದ್ದೀರಿ. ಈ ಅಭ್ಯಾಸದಿಂದ ಏನಾದರೂ ಬರುವುದಿದ್ದರೆ ಅದು ಬರುವುದು ಹಿಂದಿನ ತೀರ್ಮಾನದಿಂದ ಮತ್ತು ಮುಂದಿನ ಪರಿಶೀಲನೆಯಿಂದ. ಎರಡನ್ನೂ ಬಿಟ್ಟು ಹತ್ತು ನೋಟ್‌ಬುಕ್ ತುಂಬಿಸಿದರೆ, ಇರುವ ತಪ್ಪೇ ಕೈಗೆ ಚೆನ್ನಾಗಿ ಕೂರುತ್ತದೆ.

ಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ಪೆನ್ನು ಬಳಸಿ. 0.5 ಮಿ.ಮೀ. ತುದಿಯ ಫೈನ್‌ಲೈನರ್ ಸಿಕ್ಕರೆ ಒಳ್ಳೆಯದು. ಒತ್ತಿದರೂ ಬಿಟ್ಟರೂ ಗೆರೆಯ ದಪ್ಪ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಕೈಯ ತಪ್ಪು ಇದ್ದಂತೆ ಕಾಣುತ್ತದೆ. ಇಲ್ಲದಿದ್ದರೆ ಮಾಮೂಲಿ ಜೆಲ್ ಪೆನ್ ಸಾಕು, ಬಾಲ್ ಪೆನ್ನೂ ನಡೆಯುತ್ತದೆ. ಪೆನ್ಸಿಲ್ ಕೆಟ್ಟದ್ದೇನಲ್ಲ, ಆದರೆ ಪೆನ್ಸಿಲ್ ಇದ್ದ ಕಡೆ ರಬ್ಬರ್ ಇರುತ್ತದೆ. ಅಳಿಸಬಹುದು ಎಂಬ ಧೈರ್ಯದಲ್ಲಿ ಎಳೆಯುವ ಮುಂಚೆ ಯೋಚಿಸುವುದು ತಪ್ಪಿಹೋಗುತ್ತದೆ. ನೋಟ್‌ಬುಕ್ ಬಿಡಿ. ಅದನ್ನು ಸಲೀಸಾಗಿ ತಿರುಗಿಸಲು ಬರುವುದಿಲ್ಲ, ನಡುವಿನ ಹೊಲಿಗೆ ಕೈಗೆ ಅಡ್ಡ, ಅಚ್ಚು ಹಾಕಿದ ರೂಲ್ ಗೆರೆಗಳು ಕಣ್ಣಿಗೆ ಊರುಗೋಲು. ಆಫೀಸಿನಲ್ಲಿ ಒಂದೇ ಬದಿ ಪ್ರಿಂಟಾಗಿ ಕಸಕ್ಕೆ ಹೋಗುವ ಎ4 ಹಾಳೆಗಳನ್ನು ಕೇಳಿ ತನ್ನಿ. ಸ್ಕೇಲ್ ಖಂಡಿತ ಬೇಕು, ಗೆರೆ ಎಳೆಯುವುದಕ್ಕಲ್ಲ, ಎಳೆದ ಗೆರೆಯ ತಪ್ಪು ಹಿಡಿಯುವುದಕ್ಕೆ.

ಗೆರೆ ನಡುಗುವುದು ಕೈ ದುರ್ಬಲವಾಗಿದೆ ಎಂದಲ್ಲ. ಗೆರೆ ಸಾಗುತ್ತಿರುವಾಗ ನಿಮ್ಮ ಕಣ್ಣು ಪೆನ್ನಿನ ತುದಿಯ ಮೇಲಿದೆ. ಸ್ವಲ್ಪ ಮೇಲೆ ಹೋಯಿತು ಅನ್ನಿಸಿದ ಕೂಡಲೇ ಕೈಯನ್ನು ಕೆಳಗಿಳಿಸುತ್ತೀರಿ, ಕೆಳಗಿಳಿಯಿತು ಅನ್ನಿಸಿದರೆ ಮೇಲಕ್ಕೆತ್ತುತ್ತೀರಿ. ಒಂದು ಗೆರೆಯೊಳಗೆ ನಡೆಯುವ ಈ ಸಣ್ಣ ಸಣ್ಣ ತಿದ್ದುಪಡಿಗಳೇ ಕಾಗದದ ಮೇಲೆ ನಡುಕವಾಗಿ ಉಳಿಯುತ್ತವೆ. ನಿಧಾನವಾಗಿ ಎಳೆದಷ್ಟೂ ತಿದ್ದಲು ಸಮಯ ಹೆಚ್ಚು ಸಿಗುತ್ತದೆ, ಹಾಗಾಗಿ ನಡುಕವೂ ಹೆಚ್ಚು. ಎಚ್ಚರಿಕೆಯಿಂದ ಎಳೆದರೆ ಗೆರೆ ನೆಟ್ಟಗಾಗುತ್ತದೆ ಎಂಬ ನಂಬಿಕೆ ಬಹುಶಃ ಈ ವಿದ್ಯೆಯಲ್ಲಿ ಎಲ್ಲರೂ ಮೊದಲು ಕಳೆದುಕೊಳ್ಳಬೇಕಾದದ್ದು.

ಹೀಗೆ ಮಾಡಿ. ಎರಡು ಚುಕ್ಕಿ ಇಡಿ, ನಾಲ್ಕೈದು ಇಂಚು ದೂರದಲ್ಲಿ. ನಿಮ್ಮ ಕೈಗೆ ಯಾವ ದಿಕ್ಕು ಸಲೀಸೋ ಆ ದಿಕ್ಕಿಗೆ ಬರುವಂತೆ ಹಾಳೆಯನ್ನು ತಿರುಗಿಸಿ. ಬಲಗೈಯವರಿಗೆ ಸಾಮಾನ್ಯವಾಗಿ ಎಡ ಕೆಳಗಿನಿಂದ ಬಲ ಮೇಲಕ್ಕೆ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಕೆಲವು ಸಲ ಓಡಿಸಿ. ಕೈಗೆ ದಾರಿ ಗೊತ್ತಾಯಿತು ಅನ್ನಿಸಿದಾಗ ಮೊದಲ ಚುಕ್ಕಿಯ ಮೇಲೆ ಪೆನ್ನಿಟ್ಟು, ಕಣ್ಣನ್ನು ಕೊನೆಯ ಚುಕ್ಕಿಯ ಮೇಲೆ ನೆಟ್ಟು, ಒಂದೇ ಓಟದಲ್ಲಿ ಎಳೆದುಬಿಡಿ. ನಡುವೆ ತಿದ್ದುವ ಹಾಗಿಲ್ಲ. ಗುರಿ ತಪ್ಪಿದರೆ ತಪ್ಪಲಿ. ನಯವಾಗಿದ್ದು ಚುಕ್ಕಿ ತಪ್ಪಿದ ಗೆರೆ, ಚುಕ್ಕಿ ಮುಟ್ಟಿಯೂ ನಡುಗಿದ ಗೆರೆಗಿಂತ ಎಷ್ಟೋ ಮೇಲು. ಗುರಿ ದಿನ ಕಳೆದಂತೆ ಹತ್ತಿರವಾಗುತ್ತದೆ, ನಡುಕದ ಚಾಳಿ ಮಾತ್ರ ಬಿಡಿಸದೆ ಬಿಡುವುದಿಲ್ಲ.

ತೋಳು ಎಲ್ಲಿಂದ ಆಡಬೇಕು ಎಂಬುದೂ ಇಲ್ಲೇ ಬರುತ್ತದೆ. ಅಕ್ಷರ ಬರೆಯಲು ಬೆರಳು, ಮಣಿಕಟ್ಟು ಸಾಕು. ಆದರೆ ಮಣಿಕಟ್ಟು ಒಂದು ಗೂಟದ ಸುತ್ತ ತಿರುಗುವಂಥದ್ದು. ಉದ್ದದ ಗೆರೆಯನ್ನು ಅದರಿಂದ ಎಳೆದರೆ ಕಮಾನಾಗುತ್ತದೆ. ಎರಡಿಂಚು ದಾಟುವ ಯಾವ ಗೆರೆಗೂ ಹೆಗಲಿನಿಂದ ತೋಳು ಆಡಲಿ. ಮನೆ ಮುಂದೆ ಎಳೆ ರಂಗೋಲಿ ಹಾಕುವವರಂತೆ: ಚುಕ್ಕಿ ಮೊದಲು, ಎಳೆ ಆಮೇಲೆ, ಬೆರಳು ಪುಡಿ ಬಿಡುವುದಕ್ಕಷ್ಟೇ, ಗೆರೆಯನ್ನು ಒಯ್ಯುವುದು ಇಡೀ ತೋಳು. ಮೊದಮೊದಲು ಹೆಗಲಿನಿಂದ ಎಳೆದ ಗೆರೆ ಮಣಿಕಟ್ಟಿನ ಗೆರೆಗಿಂತ ಕೆಟ್ಟದಾಗಿ ಬರುತ್ತದೆ, ಹೆದರಬೇಡಿ. ಕಿರುಬೆರಳಿನ ಪಕ್ಕ ಕಾಗದವನ್ನು ಸವರುತ್ತಿರಲಿ, ಅದರ ಮೇಲೆ ಭಾರ ಹಾಕಬೇಡಿ.

ಪರಿಶೀಲನೆಗೆ ಒಂದು ಸುಲಭ ದಾರಿ. ಸ್ಕೇಲಿನಿಂದ ಒಂದು ಗೆರೆ ಹಾಕಿ, ಅದರ ಮೇಲೆಯೇ ಕೈಯಿಂದ ಎಂಟು ಸಲ ಎಳೆಯಿರಿ. ಕೊನೆಯಲ್ಲಿ ಎಂಟೂ ಗೆರೆ ಪೊರಕೆ ಕಡ್ಡಿಗಳಂತೆ ಚದುರಿದರೆ ತೊಂದರೆಯಿಲ್ಲ, ಅದು ಅಭ್ಯಾಸದಿಂದ ಕಡಿಮೆಯಾಗುತ್ತದೆ. ಶುರುವಿನಲ್ಲೂ ಚದುರಿದ್ದರೆ ಪೆನ್ನನ್ನು ಜಾಗದಲ್ಲಿ ಇಡುವ ಮೊದಲೇ ಓಡಲು ಶುರು ಮಾಡಿದ್ದೀರಿ ಎಂದರ್ಥ. ಅದು ಆತುರ, ಅಭ್ಯಾಸದಿಂದ ಹೋಗುವುದಿಲ್ಲ, ನಿಂತು ಪೆನ್ನಿಡುವುದರಿಂದ ಹೋಗುತ್ತದೆ. ಎಂಟೂ ಒಂದೇ ಕಡೆಗೆ ಬಾಗಿದ್ದರೆ ಮೊಣಕೈಯನ್ನು ಮೇಜಿಗೆ ಊರಿದ್ದೀರಿ.

ದೀರ್ಘವೃತ್ತದಲ್ಲಿ ನಿಮ್ಮ ಡಿಪ್ಲೊಮಾ ಸ್ವಲ್ಪ ಅಡ್ಡ ಬರುತ್ತಿದೆ ಎಂದು ನನ್ನ ಗುಮಾನಿ. ಐಸೊಮೆಟ್ರಿಕ್‌ನಲ್ಲಿ ವೃತ್ತಕ್ಕೆ ನಾಲ್ಕು ಕೇಂದ್ರಗಳ ವಿಧಾನ ಕಲಿಸುತ್ತಾರೆ: ರಾಂಬಸ್ ಹಾಕಿ, ನಾಲ್ಕು ಕಡೆ ಕಂಪಾಸ್ ಚುಚ್ಚಿ, ಎರಡು ದೊಡ್ಡ ಕಮಾನು ಎರಡು ಚಿಕ್ಕ ಕಮಾನು ಜೋಡಿಸುವುದು. ಅದು ದೀರ್ಘವೃತ್ತಕ್ಕೆ ಹತ್ತಿರದ ಆಕಾರವೇ ಹೊರತು ದೀರ್ಘವೃತ್ತವಲ್ಲ. ನಿಮ್ಮ ಕೈ ಈಗಲೂ ಹಾಗೆಯೇ ತುಂಡು ತುಂಡಾಗಿ ಹೋಗುತ್ತಿದೆ: ಮೇಲಿನ ಕಮಾನು, ತಿರುವು, ಕೆಳಗಿನ ಕಮಾನು, ಇನ್ನೊಂದು ತಿರುವು. ತಿರುವಿನಲ್ಲಿ ಕೈ ಅರೆಗಳಿಗೆ ನಿಲ್ಲುತ್ತದೆ, ನಿಂತ ಕಡೆ ತುದಿ ಚೂಪಾಗುತ್ತದೆ. ನಿಜವಾದ ದೀರ್ಘವೃತ್ತದಲ್ಲಿ ನೇರ ಭಾಗ ಎಲ್ಲೂ ಇಲ್ಲ, ಮೂಲೆಯೂ ಇಲ್ಲ. ಬಾಗು ಉದ್ದಕ್ಕೂ ಬದಲಾಗುತ್ತಲೇ ಇರುತ್ತದೆ.

ಮದ್ದು ಇಷ್ಟೇ. ಪೆನ್ನನ್ನು ಗಾಳಿಯಲ್ಲೇ ಸುತ್ತಿಸಿ, ಸುತ್ತು ಒಂದು ಲಯಕ್ಕೆ ಬರುವ ತನಕ. ಲಯ ಬಂದಾಗ ನಿಲ್ಲಿಸದೆ ಹಾಗೆಯೇ ಕಾಗದಕ್ಕೆ ಇಳಿಸಿ, ಎರಡು ಸುತ್ತು ಹಾಕಿ, ಸುತ್ತುತ್ತಿರುವಾಗಲೇ ಎತ್ತಿಬಿಡಿ. ಎರಡನೇ ಸುತ್ತು ಮೊದಲಿನದರ ಮೇಲೆ ಪೂರ್ತಿ ಕೂರದಿದ್ದರೂ ಚಿಂತೆಯಿಲ್ಲ. ನಡುಗುವ ಒಂದೇ ಗೆರೆಗಿಂತ ನಯವಾದ ಎರಡು ಗೆರೆ ಆಕಾರವನ್ನು ಚೆನ್ನಾಗಿ ಹಿಡಿಯುತ್ತವೆ. ಮೂರಕ್ಕಿಂತ ಹೆಚ್ಚು ಸುತ್ತು ಬೇಡ, ಆಮೇಲೆ ಯಾವುದು ನಿಮ್ಮ ಗೆರೆ ಎಂದು ನಿಮಗೇ ಗೊತ್ತಾಗುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ದೀರ್ಘವೃತ್ತಕ್ಕೂ ಹೆಗಲೇ ಬೇಕು ಎಂದು ಹಟ ಹಿಡಿಯುವ ಗುರುಗಳಿದ್ದಾರೆ. ನಾನು ಅಷ್ಟು ಕಟ್ಟುನಿಟ್ಟಲ್ಲ, ಅಷ್ಟು ಚಿಕ್ಕದಕ್ಕೆ ಮೊಣಕೈ ಸಾಕು.

ಖಾಲಿ ಜಾಗದಲ್ಲಿ ದೀರ್ಘವೃತ್ತ ಹಾಕುವುದರಿಂದ ಉಪಯೋಗ ಕಡಿಮೆ, ಏಕೆಂದರೆ ಅಲ್ಲಿ ತಪ್ಪುವುದಕ್ಕೆ ಏನೂ ಇಲ್ಲ. ಎರಡು ಗೆರೆ ಎಳೆದು ಓಣಿ ಮಾಡಿ. ಪ್ರತಿ ದೀರ್ಘವೃತ್ತವೂ ಮೇಲಿನ ಗೆರೆ, ಕೆಳಗಿನ ಗೆರೆ, ಪಕ್ಕದ ದೀರ್ಘವೃತ್ತ ಮೂರನ್ನೂ ಮುಟ್ಟಬೇಕು, ಯಾವುದನ್ನೂ ದಾಟಬಾರದು. ಇದು ಹದಕ್ಕೆ ಬಂದ ಮೇಲೆ ಆಲಿಕೆಯ ಆಕಾರದಲ್ಲಿ ಎರಡು ಬಾಗಿದ ಗೆರೆ ಹಾಕಿ, ಮಧ್ಯದಲ್ಲಿ ಒಂದು ಅಕ್ಷ ಎಳೆದು, ಆ ಅಕ್ಷ ಪ್ರತಿ ದೀರ್ಘವೃತ್ತವನ್ನೂ ಸರಿಯಾಗಿ ಅರ್ಧ ಮಾಡುವಂತೆ ಜೋಡಿಸುತ್ತಾ ಹೋಗಿ. ಪರೀಕ್ಷೆ ಬೇಕೇ? ಒಂದು ದೊಡ್ಡ ದೀರ್ಘವೃತ್ತವನ್ನು ಅದರ ಗಿಡ್ಡ ಅಕ್ಷದ (ಕಿರಿದಾದ ಕಡೆಯ ನಡುಗೆರೆ) ಮೇಲೆ ಸರಿಯಾಗಿ ಮಡಚಿ ಬಲ್ಬಿನ ಬೆಳಕಿಗೆ ಹಿಡಿಯಿರಿ. ಎರಡು ಅರ್ಧಗಳೂ ಒಂದರ ಮೇಲೊಂದು ಕೂತರೆ ಸರಿ. ಕೂರದಿದ್ದರೆ ಯಾವ ಕಡೆ ಉಬ್ಬಿದೆ, ಯಾವ ಕಡೆ ಚಪ್ಪಟೆಯಾಗಿದೆ ಎಂಬುದು ಎದುರಿಗೇ ಕಾಣುತ್ತದೆ. ಹೆಚ್ಚಿನವರಿಗೆ ಪ್ರತಿ ಸಲವೂ ಒಂದೇ ಕಡೆ ಕೆಡುತ್ತದೆ. ನಿಮ್ಮದು ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಆಯಿತು.

ದೀರ್ಘವೃತ್ತದ ಮೇಲೆ ಇಷ್ಟು ಹೊತ್ತು ಕೂರುವುದೇಕೆಂದರೆ, ಓರೆಯಿಂದ ನೋಡಿದ ಪ್ರತಿ ವೃತ್ತವೂ ಕಣ್ಣಿಗೆ ದೀರ್ಘವೃತ್ತವೇ. ಲೋಟ, ಕೊಡ, ಚಕ್ರ, ಬಕೆಟ್ಟು, ಬಳೆ. ಒಂದು ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ ಮೇಜಿನ ಮೇಲಿಟ್ಟು ನೋಡಿ. ಬಾಯಿ ತಕ್ಕಮಟ್ಟಿಗೆ ತೆಳ್ಳಗಿನ ದೀರ್ಘವೃತ್ತ. ಒಳಗಿನ ನೀರಿನ ಮಟ್ಟ ಅದಕ್ಕಿಂತ ಸ್ವಲ್ಪ ದುಂಡು. ತಳ ಇನ್ನೂ ದುಂಡು. ಕಣ್ಣಿನ ಮಟ್ಟದಿಂದ ಕೆಳಗಿಳಿದಂತೆ ದೀರ್ಘವೃತ್ತ ಬಾಯ್ದೆರೆಯುತ್ತಾ ಹೋಗುತ್ತದೆ. ಈಗ ಲೋಟವನ್ನು ನಿಧಾನವಾಗಿ ಎತ್ತಿ. ಬಾಯಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂದಾಗ ಅದು ಬರಿಯ ಗೆರೆಯಾಗುತ್ತದೆ. ಗ್ರೇಡ್ ಪರೀಕ್ಷೆಯ ಆಬ್ಜೆಕ್ಟ್ ಡ್ರಾಯಿಂಗ್ (ಎದುರಿಗಿಟ್ಟ ವಸ್ತುವನ್ನು ನೋಡಿ ಬಿಡಿಸುವುದು) ಹಾಳೆಗಳಲ್ಲಿ ವರ್ಷವರ್ಷವೂ ಕಾಣುವ ತಪ್ಪೆಂದರೆ ಬಾಯಿಗೆ ದುಂಡನೆಯ ದೀರ್ಘವೃತ್ತ, ತಳಕ್ಕೆ ಸ್ಕೇಲಿಟ್ಟಂತೆ ನೇರ ಗೆರೆ. ಲೋಟ ಮೇಜಿನ ಮೇಲೆ ಸಮವಾಗಿ ಕೂತಿದೆ ಎಂದು ತಲೆಗೆ ಗೊತ್ತು, ಹಾಗಾಗಿ ತಳ ನೇರ ಅನ್ನಿಸುತ್ತದೆ. ಎದುರಿಗಿರುವ ಲೋಟ ಹಾಗೆ ಕಾಣುವುದೇ ಇಲ್ಲ.

ಇನ್ನೊಂದು ನಿಯಮ ನಿಮ್ಮಂಥ ಮೆಕ್ಯಾನಿಕಲ್‌ನವರಿಗೆ ಬೇಗ ಹಿಡಿಸುತ್ತದೆ. ಚಕ್ರದ ಇರಚಿ, ಅಂದರೆ ಆಕ್ಸಲ್, ಚಿತ್ರದಲ್ಲಿ ಯಾವ ದಿಕ್ಕಿಗೆ ಕಾಣುತ್ತದೋ ದೀರ್ಘವೃತ್ತದ ಗಿಡ್ಡ ಅಕ್ಷ ಅದೇ ದಿಕ್ಕಿಗಿರಬೇಕು. ಉದ್ದನೆಯ ಅಕ್ಷ ಅದಕ್ಕೆ ಲಂಬ. ಚಕ್ರ ನೆಟ್ಟಗೆ ನಿಂತಿದೆ ಎಂದು ಉದ್ದನೆಯ ಅಕ್ಷವನ್ನೂ ನೆಟ್ಟಗೆ ನಿಲ್ಲಿಸಿದರೆ, ಮೇಲಿನಿಂದ ಓರೆಯಾಗಿ ನೋಡಿದ ಸೈಕಲ್ಲಿನ ಚಕ್ರ ಕಳಚಿ ಬೀಳುವಂತೆ ಕಾಣುತ್ತದೆ. ಎಂದಾದರೂ ಕೆಜಿಎಫ್‌ಗೆ ಹೋದರೆ, 2001ರಲ್ಲಿ ಮುಚ್ಚಿದ ಗಣಿಯ ಹಳೆಯ ಶಾಫ್ಟ್‌ಗಳ ಮೇಲೆ ಉಳಿದಿರುವ, ಗಣಿಯಿಂದ ಹಗ್ಗದಲ್ಲಿ ಎತ್ತುವ ಗೋಪುರವಾದ ಹೆಡ್‌ಗೇರ್‌ನ ದೊಡ್ಡ ಚಕ್ರಗಳನ್ನು ಕೆಳಗಿನಿಂದ ನೋಡಿ ಬಿಡಿಸಿ. ಕಣ್ಣಿನ ಮಟ್ಟಕ್ಕಿಂತ ಅಷ್ಟು ಮೇಲೆ, ಓರೆಯಾಗಿ, ಆಕ್ಸಲ್ ಸಮೇತ ಕಾಣುವ ಚಕ್ರ ಡ್ರಾಯಿಂಗ್ ಕಲಿಯುವವರಿಗೆ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಅಂದಹಾಗೆ, ಚಿತ್ರದಲ್ಲಿ ದೀರ್ಘವೃತ್ತದ ನಟ್ಟನಡುವೆ ಇರುವ ಬಿಂದು ನಿಜವಾದ ವೃತ್ತದ ಕೇಂದ್ರವಲ್ಲ. ನಿಜವಾದ ಕೇಂದ್ರ ಅದಕ್ಕಿಂತ ತುಸು ಹಿಂದೆ, ನಮ್ಮಿಂದ ದೂರದ ಕಡೆಗಿರುತ್ತದೆ. ಪಾತ್ರೆಯ ಮುಚ್ಚಳಕ್ಕೆ ಹಿಡಿ ಇಡುವಾಗ ಇದು ನೆನಪಿರಲಿ.

ಡಬ್ಬಕ್ಕೆ ಮಾದರಿ ಹುಡುಕಲು ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನವರಿಗೆ ಕಷ್ಟವಿಲ್ಲ. ಗೂಡಿನ ಹತ್ತಿರ ಬಿದ್ದಿರುವ ಒಂದು ಇಟ್ಟಿಗೆಯನ್ನು ಕೇಳಿ ಮನೆಗೆ ತನ್ನಿ. ಮೂಲೆ ಒಡೆಯದ್ದನ್ನು ಆರಿಸಿ. ಅದರ ಅಂಚುಗಳು ಹನ್ನೆರಡು. ಮೂರು ಮುಖ ಕಾಣುವಂತಿಟ್ಟರೆ ಒಂಬತ್ತು ಅಂಚು ಕಾಣುತ್ತವೆ, ಮೂರು ಹಿಂದೆ ಅಡಗಿರುತ್ತವೆ. ಈ ಹನ್ನೆರಡನ್ನು ನಾಲ್ಕು ನಾಲ್ಕರ ಮೂರು ಬಳಗಗಳಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಿ: ಉದ್ದದ ಬಳಗ, ಅಗಲದ ಬಳಗ, ಎತ್ತರದ ಬಳಗ. ಇಟ್ಟಿಗೆಯಲ್ಲಿ ಒಂದು ಬಳಗದ ನಾಲ್ಕೂ ಅಂಚು ಸಮಾನಾಂತರ. ಚಿತ್ರದಲ್ಲಿ ಅವು ನಮ್ಮಿಂದ ದೂರ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ; ಮುಂದುವರಿಸಿದರೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅದನ್ನೇ ವ್ಯಾನಿಷಿಂಗ್ ಪಾಯಿಂಟ್ ಎನ್ನುವುದು. ಮೂರು ಬಳಗಕ್ಕೆ ಮೂರು ಬಿಂದು. ಆ ಬಿಂದು ಹೆಚ್ಚಾಗಿ ನಿಮ್ಮ ಹಾಳೆಯ ಆಚೆ, ಮೇಜಿನ ಆಚೆ ಎಲ್ಲೋ ಇರುತ್ತದೆ. ಕಾಣದ ಬಿಂದುವಿಗೆ ಗುರಿಯಿಡುವುದೇ ಈ ಅಭ್ಯಾಸದ ಕಷ್ಟ.

ನಿಮ್ಮ ಡಬ್ಬದ ಹಿಂಭಾಗ ದೊಡ್ಡದಾಗುತ್ತಿರುವುದು ಐಸೊಮೆಟ್ರಿಕ್‌ನ ಬಳುವಳಿ. ಅಲ್ಲಿ ಮೂರು ಅಕ್ಷಗಳ ನಡುವೆ 120 ಡಿಗ್ರಿ, ಹಿಂದಕ್ಕೆ ಹೋಗುವ ಗೆರೆಗಳು ಅಡ್ಡಗೆರೆಗೆ 30 ಡಿಗ್ರಿಯಲ್ಲಿ ಏರುತ್ತವೆ, ಎಷ್ಟು ದೂರ ಹೋದರೂ ಸಮಾನಾಂತರವಾಗಿಯೇ ಇರುತ್ತವೆ. ಕಾರ್ಖಾನೆಯಲ್ಲಿ ಹಾಳೆಯಿಂದ ಅಳತೆ ತೆಗೆಯಬೇಕಲ್ಲ, ಅದಕ್ಕಾಗಿ. ಕಣ್ಣು ಮಾತ್ರ ಹಿಂದಿನದು ಕುಗ್ಗಬೇಕು ಎಂದು ಕಾಯುತ್ತಿರುತ್ತದೆ. ಕುಗ್ಗದೆ ಸಮಾನವಾಗಿದ್ದರೆ ಅಗಲವಾದಂತೆ ಕಾಣುತ್ತದೆ. ಅದರ ಮೇಲೆ ಕೈ ಒಂದಿಷ್ಟು ಅಗಲಿಸಿಬಿಟ್ಟರೆ ಹಿಂಭಾಗ ಬಾಯಿ ಬಿಟ್ಟಂತಾಗುತ್ತದೆ. ಐಸೊಮೆಟ್ರಿಕ್ ತಪ್ಪು ಪದ್ಧತಿಯಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲೂ ದೇವರ ಪೀಠ, ಮಂಟಪಗಳ ಗೆರೆಗಳು ಬಹುಮಟ್ಟಿಗೆ ಒಂದು ಬಿಂದುವಿಗೆ ಕೂಡುವುದಿಲ್ಲ, ಅದರಿಂದ ಚಿತ್ರಕ್ಕೇನೂ ಕುಂದಿಲ್ಲ. ಬಿಂದುವಿಗೆ ಕೂಡಿಸುವ ಲೆಕ್ಕವನ್ನು ಬ್ರುನೆಲ್ಲೆಸ್ಕಿ ಎಂಬ ವಾಸ್ತುಶಿಲ್ಪಿ ಇಟಲಿಯ ಫ್ಲಾರೆನ್ಸಿನಲ್ಲಿ 15ನೇ ಶತಮಾನದ ಆರಂಭದಲ್ಲಿ ಮಾಡಿ ತೋರಿಸಿದ. ನೀವು ಈಗ ಅಭ್ಯಾಸ ಮಾಡುತ್ತಿರುವುದು ಆ ಲೆಕ್ಕವನ್ನು. ಎರಡನ್ನೂ ಒಂದೇ ಡಬ್ಬದಲ್ಲಿ ಬೆರೆಸಬೇಡಿ, ಅಷ್ಟೇ.

ಡಬ್ಬ ಕಟ್ಟುವ ಕ್ರಮ ಹೀಗಿರಲಿ. ನಮಗೆ ಹತ್ತಿರದ ಮೂಲೆಗೆ ಒಂದು ಚುಕ್ಕಿ. ಅಲ್ಲಿಂದ ಮೂರು ದಿಕ್ಕಿಗೆ ಮೂರು ಗೆರೆ, ಮೂರು ಕಡ್ಡಿಗಳ ಕವಲಿನಂತೆ. ಗೆರೆಗಳ ನಡುವಿನ ಮೂರು ಕೋನಗಳೂ 90 ಡಿಗ್ರಿಗಿಂತ ಹೆಚ್ಚಿರಲಿ. ಒಂದು ಕೋನ ಅದಕ್ಕಿಂತ ಕಡಿಮೆಯಾದರೂ ಮುಂದೆ ಎಷ್ಟು ಸರ್ಕಸ್ ಮಾಡಿದರೂ ಡಬ್ಬ ಜಜ್ಜಿಹೋದಂತೆ ಕಾಣುತ್ತದೆ. ಈಗ ಪ್ರತಿ ಗೆರೆಯ ತುದಿಯಿಂದ ಎರಡೆರಡು ಗೆರೆ ಹೊರಡಬೇಕು. ಇಲ್ಲಿ ಆತುರಪಡಬೇಡಿ. ಗೆರೆ ಎಳೆಯುವ ಮುಂಚೆ ಮೂಲೆ ಎಲ್ಲಿ ಬರುತ್ತದೆ ಎಂದು ಚುಕ್ಕಿಯಿಂದ ಊಹಿಸಿ, ಪೆನ್ನನ್ನು ಗಾಳಿಯಲ್ಲಿ ಓಡಿಸಿ, ಸರಿಯಿಲ್ಲ ಅನ್ನಿಸಿದರೆ ಚುಕ್ಕಿಯನ್ನು ಪಕ್ಕಕ್ಕೆ ಇನ್ನೊಂದು ಇಡಿ. ಚುಕ್ಕಿಗಳು ಎಷ್ಟಾದರೂ ಇರಲಿ. ಪ್ರತಿ ಗೆರೆಗೂ ಕೇಳಿಕೊಳ್ಳಬೇಕಾದ್ದು ಒಂದೇ: ಇದು ಯಾವ ಬಳಗದ್ದು, ಆ ಬಳಗದ ಉಳಿದ ಗೆರೆಗಳು ಎಲ್ಲಿಗೆ ಹೋಗುತ್ತಿವೆ? ಪಕ್ಕದಲ್ಲಿ ತಾಗಿಕೊಂಡಿರುವ ಗೆರೆಯನ್ನು ನೋಡಿ ಎಳೆಯುವವರೇ ಹೆಚ್ಚು. ಅದು ಬೇರೆ ಬಳಗದ್ದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಹಿಂದೆ ಅಡಗಿರುವ ಮೂರು ಅಂಚುಗಳನ್ನೂ ಬಿಡಿಸಿ, ಗಾಜಿನ ಇಟ್ಟಿಗೆ ಎಂದುಕೊಂಡು.

ಆ ಮೂರು ಅಂಚುಗಳು ಹಿಂದಿನ ಮೂಲೆಯಲ್ಲಿ ಸೇರುವುದೇ ಇಲ್ಲ, ಪುಟ್ಟ ತ್ರಿಕೋನವೊಂದು ಉಳಿಯುತ್ತದೆ. ಎಲ್ಲರಿಗೂ ಉಳಿಯುತ್ತದೆ. ಅದನ್ನು ಎಳೆದಾಡಿ ಸೇರಿಸಬೇಡಿ. ಹಿಂದಿನ ಒಂಬತ್ತು ಗೆರೆಗಳ ತಪ್ಪೆಲ್ಲ ಒಟ್ಟಾಗಿ ಅಲ್ಲಿ ಹೊರಬಂದಿದೆ, ಅಷ್ಟೇ. ಆ ಮೂಲೆಯಲ್ಲಿ ತಿದ್ದಿದರೆ ತಪ್ಪು ಎಲ್ಲಿಂದ ಬಂತು ಎಂಬ ಸುಳಿವನ್ನೇ ಅಳಿಸಿಹಾಕಿದಂತೆ.

ಈಗ ಸ್ಕೇಲ್ ತೆಗೆಯಿರಿ, ಮೂರು ಬಣ್ಣದ ಪೆನ್ನು ಬೇಕು. ಒಂದು ಬಳಗಕ್ಕೆ ಒಂದು ಬಣ್ಣ. ನಾಲ್ಕೂ ಗೆರೆಗಳನ್ನು ನಮ್ಮಿಂದ ದೂರದ ದಿಕ್ಕಿಗೆ ಹಾಳೆಯ ಅಂಚಿನ ತನಕ ಮುಂದುವರಿಸಿ. ದಿಕ್ಕು ತಪ್ಪಿ ನಮ್ಮ ಕಡೆಗೆ ಮುಂದುವರಿಸಿದರೆ ತಪ್ಪು ಸರಿಯಂತೆ ಕಾಣುತ್ತದೆ, ಎಚ್ಚರ. ಆಮೇಲೆ ಓದಿ. ನಾಲ್ಕೂ ನಿಧಾನವಾಗಿ ಹತ್ತಿರವಾಗುತ್ತಿದ್ದರೆ ಆ ಬಳಗ ಸರಿ. ಮೂರು ಹತ್ತಿರವಾಗಿ ಒಂದು ಮಾತ್ರ ಇನ್ನೊಂದನ್ನು ಬೇಗ ಅಡ್ಡ ದಾಟಿದರೆ ಕಳ್ಳ ಸಿಕ್ಕಿದ. ಎರಡೆರಡು ಜೋಡಿಯಾಗಿ ಬೇರೆ ಬೇರೆ ಕಡೆ ಕೂಡುತ್ತಿದ್ದರೆ ನೀವು ಡಬ್ಬದ ಒಂದೊಂದು ಮುಖವನ್ನು ಬಿಡಿಬಿಡಿಯಾಗಿ ಹಾಕಿದ್ದೀರಿ, ಡಬ್ಬವನ್ನಲ್ಲ. ಅಗಲುತ್ತಾ ಹೋದರೆ ಅದು ನಿಮ್ಮ ಹಳೆಯ ಐಸೊಮೆಟ್ರಿಕ್ ಚಾಳಿಯ ಫಲ. ಮಧ್ಯದ ಎರಡು ಗೆರೆಗಳನ್ನು, ಅಂದರೆ ಮೊದಲ ಕವಲಿನ ಗೆರೆ ಮತ್ತು ಹಿಂದೆ ಅಡಗಿದ ಅಂಚು ಇವನ್ನು, ವಿಶೇಷವಾಗಿ ನೋಡಿ. ಅವು ಸಾಮಾನ್ಯವಾಗಿ ತೀರ ಪಕ್ಕಪಕ್ಕ ಇರುತ್ತವೆ, ಹಾಗಾಗಿ ಬಹುತೇಕ ಸಮಾನಾಂತರವಾಗಿ ಹೋಗಬೇಕು. ಅಲ್ಲಿ ತಪ್ಪಿದ್ದರೆ ಅಡಗಿದ ಮೂಲೆಯ ಊಹೆ ತಪ್ಪಿದೆ. ಕಂಡ ತಪ್ಪನ್ನು ಪಕ್ಕದಲ್ಲಿ ಎರಡು ಮಾತಿನಲ್ಲಿ ಬರೆಯಿರಿ: "ಎತ್ತರದ ಬಳಗ ಅಗಲಿದೆ". ಮುಂದಿನ ಡಬ್ಬದಲ್ಲಿ ಅದೊಂದನ್ನೇ ಸರಿಪಡಿಸಿ. ಉಳಿದದ್ದು ಕೆಟ್ಟರೆ ಕೆಡಲಿ.

ಗೆರೆಗಳು ಎಷ್ಟು ಬೇಗ ಕೂಡಬೇಕು ಎಂಬುದಕ್ಕೂ ಅರ್ಥವಿದೆ. ವ್ಯಾನಿಷಿಂಗ್ ಪಾಯಿಂಟ್ ಹತ್ತಿರ ಇದ್ದಷ್ಟೂ ವಸ್ತು ದೊಡ್ಡದಾಗಿ, ನಮ್ಮ ಮೂಗಿನ ಮುಂದೆ ನಿಂತಂತೆ ಕಾಣುತ್ತದೆ. ಮೇಜಿನ ಮೇಲಿನ ಇಟ್ಟಿಗೆಗೆ ಹಾಗೆ ಮಾಡಿದರೆ ಅದು ಇಟ್ಟಿಗೆಯಾಗದೆ ಅಪಾರ್ಟ್‌ಮೆಂಟಾಗುತ್ತದೆ. ಚಿಕ್ಕ ವಸ್ತುವಿಗೆ ಬಿಂದುಗಳು ದೂರ ಇರಲಿ.

ಡಬ್ಬ ಒಂದು ಹದಕ್ಕೆ ಬಂದ ಮೇಲೆ ಎರಡನ್ನೂ ಸೇರಿಸಿ. ಡಬ್ಬದ ಒಂದು ಮುಖದೊಳಗೆ ದೀರ್ಘವೃತ್ತ ಹಾಕಿ. ಮುಖಕ್ಕೆ ಮೂಲೆಯಿಂದ ಮೂಲೆಗೆ ಕರ್ಣ ಎಳೆದರೆ ನಡುಬಿಂದು ಸಿಗುತ್ತದೆ. ಅದರ ಮೂಲಕ ಆಯಾ ಬಳಗದ ದಿಕ್ಕಿಗೇ ಗೆರೆ ಹಾಕಿದರೆ ನಾಲ್ಕು ಅಂಚಿನ ಮಧ್ಯಬಿಂದು ಸಿಗುತ್ತವೆ. ದೀರ್ಘವೃತ್ತ ಆ ನಾಲ್ಕನ್ನೂ ಮುಟ್ಟಬೇಕು. ಆಮೇಲೆ ಅದರ ಗಿಡ್ಡ ಅಕ್ಷವನ್ನು ಉದ್ದಕ್ಕೆ ಎಳೆದು ನೋಡಿ: ಆ ಮುಖಕ್ಕೆ ಲಂಬವಾಗಿ ಹೋಗುವ ಬಳಗದ ದಿಕ್ಕಿಗೇ ಅದು ಹೋಗುತ್ತಿದ್ದರೆ ನೀವು ಬಿಡಿಸಿದ ಮುಖ ಚೌಕ. ಬೇರೆ ಕಡೆ ಹೋದರೆ ಅದು ಚೌಕವಲ್ಲ, ಒಂದು ಕಡೆ ಉದ್ದ ಹೆಚ್ಚಾಗಿದೆ. ಗ್ಯಾಸ್ ಸಿಲಿಂಡರ್, ನೀರಿನ ಡ್ರಮ್ಮು, ಲಾರಿಯ ಚಕ್ರ ಎಲ್ಲಕ್ಕೂ ಇದೇ ದಾರಿ. ಆದರೆ ಈಗಲೇ ಇದಕ್ಕೆ ಹಾರಬೇಡಿ, ಬಣ್ಣದ ಗೆರೆಗಳು ಹೆಚ್ಚು ಕಡಿಮೆ ಕೂಡಲು ಶುರುವಾಗಲಿ.

ಎಷ್ಟು ಪುಟ ಎಂಬುದಕ್ಕೆ ಸಂಖ್ಯೆ ಹೇಳಲಾರೆ, ಪುಟದ ಲೆಕ್ಕವೇ ನಿಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು. ಹದಿನೈದು ನಿಮಿಷದಲ್ಲಿ ಕೆಲವು ಗೆರೆ, ಒಂದು ಸಾಲು ದೀರ್ಘವೃತ್ತ, ಬಣ್ಣದ ಗೆರೆ ಸಮೇತ ಎರಡು ಮೂರು ಡಬ್ಬ ಆದರೆ ಧಾರಾಳವಾಯಿತು. ಒಂದು ದಿನ ಮೂರೂ ಆಗದಿದ್ದರೆ ಒಂದೇ ಮಾಡಿ. ಹೆಗಲು ನೋಯತೊಡಗಿದರೆ ನಿಲ್ಲಿಸಿ, ಬೆರಳು ನೋಯುತ್ತಿದ್ದರೆ ಪೆನ್ನನ್ನು ಹಿಸುಕುತ್ತಿದ್ದೀರಿ. ಉಳಿದ ಹದಿನೈದು ನಿಮಿಷದ ಚಿತ್ರದಲ್ಲಿ ಈ ಬಣ್ಣದ ಗೆರೆ, ತಪ್ಪಿನ ಲೆಕ್ಕ ಯಾವುದೂ ಬೇಡ.

ಕೊನೆಯದಾಗಿ ರೈಲು. ಅಲುಗಾಡುವ ಬೋಗಿಯಲ್ಲಿ ಗೆರೆ ಅಭ್ಯಾಸ ಮಾಡಬೇಡಿ. ನಡುಕ ರೈಲಿನದೋ ಕೈಯದೋ ಗೊತ್ತಾಗುವುದಿಲ್ಲ. ಅಲ್ಲಿ ಕಣ್ಣಿಗೆ ಕೆಲಸ ಕೊಡಿ. ಮಾಲೂರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ರೈಲಿನ ಚಾವಣಿಯ ಅಂಚು ಇಳಿಯುತ್ತಾ, ಪ್ಲಾಟ್‌ಫಾರ್ಮಿನ ಅಂಚು ಏರುತ್ತಾ, ಹಳಿಗಳ ಜೊತೆ ಒಂದೇ ಕಡೆಗೆ ಹೋಗುತ್ತವೆ. ಆ ಬಿಂದು ನಿಮ್ಮ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಬೆಂಚಿನ ಮೇಲೆ ಕೂತು ನೋಡಿ, ಅದೂ ಕೆಳಗಿಳಿಯುತ್ತದೆ. ಪೆನ್ನನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಚಾವಣಿಯ ಅಂಚಿಗೆ ಪೆನ್ನನ್ನು ಹೊಂದಿಸಿ ಅದರ ಓರೆ ಎಷ್ಟಿದೆ ಎಂದು ಅಳೆಯಿರಿ. ಅಕ್ಕಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ದೇವನಗೊಂದಿ ದಾಟುವಾಗ ಕಿಟಕಿಯಾಚೆ ಕಾಣುವ ಶೆಡ್ಡು, ನೀರಿನ ಟ್ಯಾಂಕು, ಲಾರಿಗಳಲ್ಲಿ ಒಂದನ್ನು ಆರಿಸಿ, ಅದರ ಹತ್ತಿರದ ಮೂಲೆ ಯಾವುದು, ಕವಲಿನ ಮೂರು ಗೆರೆ ಯಾವ ಕಡೆ ಹೋಗುತ್ತವೆ ಎಂದು ಮನಸ್ಸಿನಲ್ಲೇ ಗುರುತಿಸಿ. ರಾತ್ರಿ ಹಾಳೆಯ ಮೇಲೆ ಮೊದಲ ಡಬ್ಬವಾಗಿ ಅದನ್ನೇ ಹಾಕಿ.